ಕೌಲುಮಾನ ಬಸ್ಸಿನ ಮುಂದಿನ ಗಾಜು

ತ್ಸುಮೆಬ್ ಊರಿನ ಬಸ್ ನಿಲ್ದಾಣದಲ್ಲಿ ನನ್ನ ಬಾಣಲೆಯ ಪಕ್ಕದಲ್ಲೇ ಮೇಮೆ ತೈಮಿಯ ಜಾಗ. ನಾನು ಬೆಳಗಿನಿಂದ ಮಧ್ಯಾಹ್ನದವರೆಗೆ ಮೈದಾಹಿಟ್ಟಿನ ಉಂಡೆ ಕರಿದು ಮಾರುತ್ತೇನೆ; ಅವಳು ಬಸ್ಸು, ವ್ಯಾನುಗಳ ಗಾಜು ತೊಳೆಯುತ್ತಾಳೆ. ಹನ್ನೊಂದು ವರ್ಷದಿಂದ ಹೀಗೆ ಪಕ್ಕಪಕ್ಕ ಇದ್ದೇವೆ. ನಮ್ಮಲ್ಲಿ ದೊಡ್ಡವರಾದ ಹೆಂಗಸರೆಲ್ಲ ಮೇಮೆ, ಗಂಡಸರೆಲ್ಲ ತಾತೆ. ನನಗಿಂತ ಒಂಬತ್ತು ವರ್ಷ ದೊಡ್ಡವಳಾದ ಅವಳು ನನ್ನನ್ನು ಬರೀ ಲಾಹ್ಯಾ ಎಂದು ಕರೆಯುತ್ತಾಳೆ. ಮೇಮೆ ಲಾಹ್ಯಾ ಎಂದಳೆಂದರೆ ಬೈಗುಳ ಬರಲಿದೆ ಎಂದೇ ಅರ್ಥ.

ಬಿಸಿಲಲ್ಲಿ ಓಡಿ ಬಂದ ಗಾಡಿಯನ್ನು ಅವಳು ಮುಟ್ಟುವುದಿಲ್ಲ. ಗಾಜಿಗೆ ಕೈಯ ಹಿಂಬದಿ ತಾಗಿಸಿ ನೋಡಿ, "ಇದರ ಮೇಲೆ ಲಾಹ್ಯಾ ಹಿಟ್ಟು ಹುಯ್ದರೆ ಬೇಯುತ್ತೆ. ಆ ಮರದ ಕೆಳಗೆ ನಿಲ್ಸಿ, ಊಟ ಮಾಡ್ಕೊಂಡು ಬನ್ನಿ" ಎನ್ನುತ್ತಾಳೆ.

"ಹೊತ್ತಾಗುತ್ತೆ ಮೇಮೆ, ಜನ ಕಾಯ್ತಿದ್ದಾರೆ."

"ಕಾಯ್ಲಿ. ಬಿಸಿ ಗಾಜಿನ ಮೇಲೆ ತಣ್ಣೀರು ಬಿದ್ದು ಬಿರುಕು ಬಿಟ್ರೆ ಆಮೇಲೆ ಇನ್ನೂ ಕಾಯ್ಬೇಕಾಗುತ್ತೆ."

ಹೊಸ ಡ್ರೈವರುಗಳು ಗೊಣಗುತ್ತಾರೆ. ಹಳಬರು ತಾವೇ ಗಾಡಿಯನ್ನು ಮರದ ಕೆಳಗೆ ತಿರುಗಿಸುತ್ತಾರೆ.

ನಮ್ಮ ಊರಿನ ನೀರು ಕುಡಿಯಲು ರುಚಿ, ಆದರೆ ಪೂರ್ತಿ ಸುಣ್ಣದ ಬಂಡೆಯೊಳಗಿಂದ ಬರುವ ನೀರು. ನನ್ನ ಟೀ ಕೆಟಲಿನ ಒಳಗೆ ಬಿಳಿ ಪದರ ಕಟ್ಟಿ, ಕೆರೆದರೆ ಚಕ್ಕೆ ಏಳುತ್ತದೆ. ಗಾಡಿಯ ಗಾಜಿನ ಮೇಲೆ ಅದೇ ನೀರು ಹನಿಯಾಗಿ ಕೂತು ಬಿಸಿಲಿಗೆ ಒಣಗಿದರೆ ಹನಿ ಹೋಗುತ್ತದೆ, ಸುಣ್ಣ ಉಳಿಯುತ್ತದೆ. ಒಂದು ಸಲ ಆದರೆ ಒರೆಸಿದರೆ ಹೋದೀತು. ದಿನ ದಿನ ಆದರೆ ಒಂದರ ಮೇಲೊಂದು ಕೂತು, ಕೊನೆಗೆ ಗಾಜನ್ನೇ ಕಚ್ಚಿಕೊಳ್ಳುತ್ತದೆ.

ಇದನ್ನೆಲ್ಲ ತೈಮಿ ಬೀದಿಯಲ್ಲಿ ಕಲಿತವಳಲ್ಲ. ಇಪ್ಪತ್ತೆರಡು ವರ್ಷ ಅವಳು ಅದಿರು ಪರೀಕ್ಷಿಸುವ ಒಂದು ಪ್ರಯೋಗಶಾಲೆಯಲ್ಲಿ ಗಾಜಿನ ಪಾತ್ರೆ ತೊಳೆಯುತ್ತಿದ್ದಳು. ದಿನಕ್ಕೆ ನಾನ್ನೂರು ಲೋಟ, ಕೊಳವೆ, ಸೀಸೆ. ಒಂದರಲ್ಲಿ ಕಲೆ ಉಳಿದರೂ ಲೆಕ್ಕ ತಪ್ಪುತ್ತದೆಂದು ಅಲ್ಲಿನ ಮುಖ್ಯಸ್ಥೆ, ಫ್ರಾವ್ ಹೆನಿಂಗ್ ಎಂಬ ಜರ್ಮನ್ ಹೆಂಗಸು, ಪ್ರತಿಯೊಂದನ್ನೂ ಕಿಟಕಿಗೆ ಹಿಡಿದು ನೋಡುತ್ತಿದ್ದಳು. ಮೊದಮೊದಲು ದಿನಕ್ಕೆ ಮೂವತ್ತು ವಾಪಸ್ ಬರುತ್ತಿದ್ದವಂತೆ. ಮೂರನೇ ವರ್ಷದ ಹೊತ್ತಿಗೆ ಒಂದೂ ಬರಲಿಲ್ಲ. ಯಾವ ಕಲೆಗೆ ಯಾವ ಹುಳಿ, ಎಷ್ಟು ನೀರು ಬೆರೆಸಬೇಕು, ಎಷ್ಟು ಹೊತ್ತು ಬಿಡಬೇಕು, ಯಾವುದನ್ನು ಯಾವುದರ ಜೊತೆ ಬೆರೆಸಲೇಬಾರದು, ಇವೆಲ್ಲ ಅವಳ ಕೈಗೆ ಅಲ್ಲೇ ಬಂದದ್ದು. ಆಮೇಲೆ ಮಾದರಿಗಳನ್ನೆಲ್ಲ ರಾಜಧಾನಿ ವಿಂಡ್‌ಹುಕ್‌ಗೆ ಕಳಿಸಲು ಶುರುಮಾಡಿದರು, ಇಲ್ಲಿಯ ಪ್ರಯೋಗಶಾಲೆ ಮುಚ್ಚಿತು. ಆಗ ಅವಳಿಗೆ ನಲವತ್ತೇಳು.

ಒಂದು ತಿಂಗಳು ಮನೆಯಲ್ಲಿ ಕೂತಳು. ಆಮೇಲೆ ಒಂದು ಬೆಳಿಗ್ಗೆ ಎರಡು ಬಕೆಟ್ಟು, ಒಂದು ಕಟ್ಟು ಬಟ್ಟೆ, ಒಂದು ಕ್ಯಾನ್ ಬಿಳಿ ವಿನೆಗರ್ ಹೊತ್ತುಕೊಂಡು ನಿಲ್ದಾಣಕ್ಕೆ ಬಂದು ನನ್ನ ಪಕ್ಕದಲ್ಲಿ ನಿಂತಳು. ಗಾಡಿ ತೊಳೆಯುವ ಗಂಡಸರೂ ಡ್ರೈವರುಗಳೂ ನಕ್ಕರು. "ಮೇಮೆ, ಇದು ಅಡುಗೆಮನೆಯಲ್ಲ, ವಿನೆಗರ್ ಯಾತಕ್ಕೆ, ಸೌತೆಕಾಯಿ ಉಪ್ಪಿನಕಾಯಿ ಹಾಕ್ತೀರಾ?" ಎಂದು ಒಬ್ಬ ವ್ಯಾನ್ ಡ್ರೈವರು ಕೇಳಿದ. ಅವಳು, "ಮೊದಲು ನಿನ್ನ ಗಾಡಿ ತಾ. ಉಪ್ಪಿನಕಾಯಿ ಆಮೇಲೆ ನೋಡೋಣ" ಎಂದಳು. ಸಂಜೆಗೆ ಅವನ ವ್ಯಾನಿನ ಹಿಂದಿನ ಗಾಜಿನಲ್ಲಿ ಎದುರಿನ ಬೇಕರಿಯ ಬೋರ್ಡು ಅಕ್ಷರ ಅಕ್ಷರವಾಗಿ ಕಾಣುತ್ತಿತ್ತು. ಮಾರನೆಯ ದಿನ ಅವನೇ ಇನ್ನಿಬ್ಬರನ್ನು ಕರೆತಂದ.

ನಾನು ಹೇಳಬೇಕೆಂದಿರುವುದು ಕಳೆದ ಚಳಿಗಾಲದ ಮಾತು.

ತಾತೆ ಕೌಲುಮಾ ಉತ್ತರದ ಒಶಾಕಾಟಿ ದಾರಿಯ ಡ್ರೈವರು. ಮಧ್ಯಾಹ್ನ ಮೂರಕ್ಕೆ ನಮ್ಮಲ್ಲಿಂದ ಹೊರಟರೆ ಕತ್ತಲಾಗುವ ಹೊತ್ತಿಗೆ ಮನೆ ಸೇರಿಸುತ್ತಾನೆ ಎಂದು ಜನ ಅವನ ಬಸ್ಸಿಗೇ ಕಾಯುತ್ತಾರೆ. ರಾತ್ರಿಯೇ ಬಸ್ಸನ್ನು ವಾಪಸ್ ತಂದು ನಮ್ಮೂರಿನ ಯಾರ್ಡಿನಲ್ಲಿ ನಿಲ್ಲಿಸುತ್ತಾನೆ. ಐವತ್ತೆಂಟು ವರ್ಷ, ಮೂವತ್ತೊಂದು ವರ್ಷದ ಡ್ರೈವಿಂಗು, ಒಂದು ಕೋಳಿಗೂ ಗುದ್ದಿದವನಲ್ಲ. ಹೊರಡುವ ಮುಂಚೆ ನನ್ನ ಹತ್ತಿರ ನಾಲ್ಕು ಉಂಡೆ ಕಟ್ಟಿಸಿಕೊಂಡು ಹೋಗುವುದು ವಾಡಿಕೆ. ಆ ಗುರುವಾರ ಬಂದವನು ಉಂಡೆ ಕೇಳಲಿಲ್ಲ. ಮರದ ಬೇರಿನ ಮೇಲೆ ಕೂತು ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತಿದ್ದ.

"ಏನು ತಾತೆ, ಹೊಟ್ಟೆ ಸರಿಯಿಲ್ವಾ?" ಎಂದೆ.

"ಹೊಟ್ಟೆ ಸರಿಯಾಗೇ ಇದೆ. ಕಣ್ಣು ಹೋಯ್ತು ಮೇಮೆ ಲಾಹ್ಯಾ. ತಿಂಗಳ ಕೊನೆಗೆ ಬೀಗದಕೈ ಕೊಟ್ಬಿಡಿ ಅಂತ ಕಾಗದ ಕೊಟ್ಟಿದ್ದಾರೆ."

ಬಸ್ಸಿನ ಒಡತಿ ಮೇಮೆ ರೌನಾ. ಗಂಡ ಸತ್ತ ಮೇಲೆ ಎರಡು ಬಸ್ಸನ್ನು ಐದು ಮಾಡಿದವಳು, ಮಾತು ಖಡಕ್. ಅವಳ ಕಿವಿಗೆ ಎರಡು ದೂರು ಹೋಗಿದ್ದವು. ಒಂದು, ಜಾನುವಾರು ತಪಾಸಣೆಯ ಒಶಿವೆಲೋ ಗೇಟು ದಾಟಿದ ಮೇಲೆ ರಸ್ತೆಯ ನಡುವೆ ನಿಂತ ಕತ್ತೆಗಳ ಹಿಂಡು ಕೌಲುಮಾನಿಗೆ ಕಂಡದ್ದು ತೀರ ಹತ್ತಿರಕ್ಕೆ ಬಂದ ಮೇಲೆ. ಬ್ರೇಕು ಒತ್ತಿದ ರಭಸಕ್ಕೆ ಹಿಂದಿನ ಸೀಟಿನ ಮುದುಕಿಯೊಬ್ಬಳ ಮೊಣಕಾಲು ಊದಿತ್ತು. ಇನ್ನೊಂದು, ಎದುರಿಗೆ ಬಂದ ಸೈಕಲ್ಲು ಕಾಣದೆ ಕೊನೆಯ ಗಳಿಗೆಯಲ್ಲಿ ಬಸ್ಸನ್ನು ಜಲ್ಲಿಕಲ್ಲಿಗೆ ಇಳಿಸಿದ್ದ. ಎರಡೂ ಒಂದೇ ತಿಂಗಳೊಳಗೆ.

ಅವನು ತಗ್ಗಿದ ದನಿಯಲ್ಲಿ ಹೇಳುತ್ತಾ ಹೋದ. ಎರಡು ವಾರದಿಂದ ಮನೆಯಲ್ಲಿ ಒಂದು ಕಣ್ಣು ಮುಚ್ಚಿ ಬೇಲಿಯ ಕಂಬ ಎಣಿಸುವುದು, ಆಮೇಲೆ ಇನ್ನೊಂದು ಕಣ್ಣು ಮುಚ್ಚಿ ಎಣಿಸುವುದು. ಹೆಂಡತಿ ಏನು ಮಾಡ್ತಿದ್ದೀರಿ ಎಂದು ಕೇಳಿದರೆ ಕಂಬ ಕಳುವಾಗಿದೆಯಾ ನೋಡ್ತಿದ್ದೀನಿ ಅನ್ನುವುದು. ಅವನಪ್ಪನಿಗೆ ಕಡೆಗಾಲದಲ್ಲಿ ಕಣ್ಣು ಹೋಗಿತ್ತು. ತನಗೂ ಅದೇ ಬಂತು ಎಂದು ಅವನು ತೀರ್ಮಾನಿಸಿಬಿಟ್ಟಿದ್ದ.

ಇಷ್ಟು ಹೊತ್ತು ತೈಮಿ ಒಂದು ಟ್ಯಾಕ್ಸಿಯ ಗಾಜು ಒರೆಸುತ್ತಾ ಬೆನ್ನು ತಿರುಗಿಸಿಕೊಂಡೇ ಇದ್ದಳು. ಬಟ್ಟೆ ಹಿಂಡಿ ತಿರುಗಿದಳು.

"ತಾತೆ, ನಿಲ್ದಾಣದ ಗೇಟಿನ ಹತ್ತಿರ ಒಂದು ಬಿಳಿ ಬಸ್ಸು ನಿಂತಿದೆಯಲ್ಲ, ಬೋರ್ಡಲ್ಲಿ ಏನು ಬರೆದಿದೆ?"

ಅವನು ತಲೆ ಎತ್ತಿದ. "ರುಂಡು. ಕೆಳಗೆ ಚಿಕ್ಕದಾಗಿ, ಗ್ರೂಟ್‌ಫಾಂಟೈನ್ ಮಾರ್ಗವಾಗಿ."

ನನಗೆ ರುಂಡು ಅಷ್ಟೇ ಕಾಣುತ್ತಿತ್ತು. ಕೆಳಗೆ ಏನೋ ಬರೆದಿದೆ ಎಂಬುದೂ ಗೊತ್ತಾಗಲಿಲ್ಲ.

"ಇಲ್ಲಿಂದ ಅದು ಕಾಣೋ ಕಣ್ಣಿಗೆ ಕತ್ತೆ ಯಾಕೆ ಕಾಣಲ್ಲ?" ಎಂದಳು ತೈಮಿ. "ಕತ್ತೆ ಎದುರಾದಾಗ ಹೊತ್ತು ಎಷ್ಟು?"

"ಸಂಜೆ. ಸೂರ್ಯ ಇಳೀತಿದ್ದ."

"ಸೈಕಲ್ಲು?"

"ಅದೂ ಅದೇ ಹೊತ್ತು."

"ಬೆಳಿಗ್ಗೆ ನಿಮ್ಮ ಬಸ್ಸು ಯಾರು ಓಡಿಸ್ತಾರೆ?"

"ಇನ್ನೊಬ್ಬ ಡ್ರೈವರು, ಸಣ್ಣ ವಯಸ್ಸಿನವನು. ಒಟಾವಿ ಕಡೆ, ದಕ್ಷಿಣಕ್ಕೆ. ಅವನಿಗೆ ಏನೂ ತೊಂದರೆ ಇಲ್ಲ. ಅದಕ್ಕೇ ಮೇಮೆ ರೌನಾ ಕೇಳ್ತಾರೆ, ಅದೇ ಬಸ್ಸು, ಅವನಿಗೆ ಕಾಣುತ್ತೆ, ನಿಮಗೆ ಕಾಣಲ್ಲ ಅಂದ್ರೆ ಏನರ್ಥ ಅಂತ."

"ಅವನ ಬೆನ್ನಿಗೆ ಸೂರ್ಯ, ನಿಮ್ಮ ಮುಖಕ್ಕೆ ಸೂರ್ಯ ಅಂತರ್ಥ," ಎಂದು ತೈಮಿ ಕೈ ಒರೆಸಿಕೊಂಡಳು. "ಬನ್ನಿ, ಬಸ್ಸು ತೋರ್ಸಿ."

ನಮ್ಮ ಕಡೆ ಚಳಿಗಾಲದಲ್ಲಿ ಸೂರ್ಯ ಉತ್ತರಕ್ಕೆ ವಾಲುತ್ತಾನೆ, ವಾಯವ್ಯಕ್ಕೆ ಸಾಗುವ ಆ ರಸ್ತೆಯ ತುದಿಗೇ ಇಳಿಯುತ್ತಾನೆ. ಅದು ನಮಗೆಲ್ಲ ಗೊತ್ತು. ಆದರೆ ಬಸ್ಸಿನ ಗಾಜಿನ ಕಡೆಗೆ ಯಾರೂ ನೋಡಿರಲಿಲ್ಲ. ಹೊರಗೆ ನಿಂತು ನೋಡಿದರೆ ಅದು ಸುಮಾರಾಗಿ ಚೊಕ್ಕವಾಗೇ ಇತ್ತು, ಎಲ್ಲ ಬಸ್ಸಿನ ಹಾಗೆ ಒಂದಿಷ್ಟು ಮಬ್ಬು. ತೈಮಿ ಒಳಗೆ ಹತ್ತಿ ಅವನ ಸೀಟಿನಲ್ಲಿ ಕೂತು, ಬಸ್ಸನ್ನು ಸೂರ್ಯನ ಕಡೆಗೆ ತಿರುಗಿಸಲು ಹೇಳಿದಳು. ಅವನು ಅವಳ ಭುಜದ ಪಕ್ಕದಿಂದ ಕೈಚಾಚಿ ಸ್ಟೀರಿಂಗ್ ತಿರುಗಿಸಿದ, ಸಾಮಾನು ಹೇರುವ ನಾಲ್ಕು ಜನ ಹಿಂದಿನಿಂದ ತಳ್ಳಿದರು. ಎರಡೂವರೆಯ ಸೂರ್ಯ ಇನ್ನೂ ಮೇಲಿದ್ದ. ಆದರೂ ಅವಳು ಸೀಟಿನಲ್ಲಿ ತಗ್ಗಿ, ಗಾಜಿನ ಮೂಲಕ ಓರೆಯಾಗಿ ನೋಡಿ, "ಲಾಹ್ಯಾ, ಬಾ ಇಲ್ಲಿ" ಎಂದು ಕೂಗಿದಳು.

ನಾನು ಬಾಣಲೆ ಇಳಿಸಿ ಓಡಿದೆ. ಅವಳು ಹೇಳಿದ ಹಾಗೆ ತಲೆ ತಗ್ಗಿಸಿದೆ. ಮುಂದಿನ ಗಾಜಿನ ತುಂಬ, ಡ್ರೈವರಿನ ಎದುರಿಗೆ ಎಲ್ಲಕ್ಕಿಂತ ಹೆಚ್ಚಾಗಿ, ಸಾವಿರಾರು ಬಿಳಿ ಉಂಗುರಗಳು ಹೊತ್ತಿಕೊಂಡಂತೆ ಹೊಳೆಯುತ್ತಿದ್ದವು. ಅವುಗಳ ಆಚೆ ಏನಿದೆಯೆಂದು ಹೇಳಲಾಗಲಿಲ್ಲ.

"ಇದು ಕಣ್ಣಿನ ಪೊರೆಯಲ್ಲ ತಾತೆ," ಎಂದಳು ತೈಮಿ. "ಗಾಜಿನ ಪೊರೆ."

ಅವನೂ ತಲೆ ತಗ್ಗಿಸಿ ಗಾಜಿನ ಮೂಲಕ ನೋಡಿದ. ಆಮೇಲೆ ಟೋಪಿ ಹಾಕಿಕೊಂಡ. "ಹಾಗಾದ್ರೆ ಯಾರ್ಡಲ್ಲಿ ಒಂದು ಬಾಟಲಿ ಇದೆ. ಚಕ್ರದ ಕಿಲುಬು ತೆಗೆಯೋದು. ಹಾಕಿದ ತಕ್ಷಣ ಹೊಗೆ ಬರುತ್ತೆ. ಅದನ್ನ ಬಳಿದ್ರೆ ಇವತ್ತೇ ಹೋಗುತ್ತಲ್ವಾ?"

"ಯಾರು ಹೇಳಿದ್ದು?"

"ತೊಳೆಯೋ ಹುಡುಗ್ರು. ಅದಿಲ್ಲಾಂದ್ರೆ ಪಾತ್ರೆ ಉಜ್ಜೋ ಉಕ್ಕಿನ ನಾರು."

ತೈಮಿ ಅವನನ್ನು ಕೂರಿಸಿದಳು. ಪ್ರಯೋಗಶಾಲೆಯಲ್ಲಿ ಗಾಜನ್ನೇ ತಿನ್ನುವ ಒಂದು ಆಸಿಡ್ ಇತ್ತು. ಗಾಜಿನ ಸೀಸೆಯಲ್ಲಿ ನಿಲ್ಲುವುದಿಲ್ಲವೆಂದು ಪ್ಲಾಸ್ಟಿಕ್ ಬಾಟಲಿಯಲ್ಲಿ ಇಡುತ್ತಿದ್ದರು, ಆ ಕಪಾಟಿನ ಬೀಗದಕೈ ಫ್ರಾವ್ ಹೆನಿಂಗಳ ಕೊರಳಲ್ಲೇ ಇರುತ್ತಿತ್ತು. ಒಬ್ಬನ ಬೆರಳಿನ ಮೇಲೆ ಒಂದು ತೊಟ್ಟು ಬಿತ್ತು. ಆಗ ನೋವೇ ಆಗಲಿಲ್ಲ. ರಾತ್ರಿ ಮೂಳೆಯವರೆಗೆ ಇಳಿದು, ಕೊನೆಗೆ ಬೆರಳನ್ನೇ ತೆಗೆಯಬೇಕಾಯಿತು. "ಚಕ್ರ ತೊಳೆಯೋ ಕೆಲವು ಬಾಟಲಿಯಲ್ಲಿ ಅದೇ ಜಾತಿ ಇರುತ್ತೆ. ಅದು ಕಲೆ ತೆಗೆಯಲ್ಲ, ಗಾಜಿನ ಮೈಯನ್ನೇ ಸುಲಿಯುತ್ತೆ. ಉಕ್ಕಿನ ನಾರು ಗೀರು ಎಳೆಯುತ್ತೆ. ಗೀರಿಗೆ ಸೂರ್ಯ ಬಿದ್ರೆ ಈಗಿರೋದಕ್ಕಿಂತ ಕೆಟ್ಟದು. ಎರಡೂ ಬೇಡ. ಭಾನುವಾರ ಬಸ್ಸಿಗೆ ರಜೆ ತಾನೆ? ಬರ್ತೀನಿ."

"ಅಲ್ಲಿವರೆಗೆ?"

"ಅಲ್ಲಿವರೆಗೆ ಬೇರೆ ಬಸ್ಸು ಕೇಳಿ. ಕೊಡ್ದಿದ್ರೆ, ಸೂರ್ಯ ಮುಖಕ್ಕೆ ಬಂದಾಗ ಪಕ್ಕಕ್ಕೆ ನಿಲ್ಸಿ, ಮುಳುಗೋ ತನಕ ಕೂತ್ಕೊಳ್ಳಿ. ಯಾರಾದ್ರೂ ಬೈದ್ರೆ ನನ್ನ ಹೆಸರು ಹೇಳಿ."

ಅವನು ಹಾಗೇ ಮಾಡಿದ. ಆ ಮೂರು ದಿನ ಪ್ರಯಾಣಿಕರು ಬೈದರು; ಅವನು ತೈಮಿಯ ಹೆಸರು ಹೇಳಿದ. ಯಾರೀ ತೈಮಿ, ಮಂತ್ರಿಯಾ ಎಂದು ಯಾರೋ ಕೇಳಿದರಂತೆ.

ಭಾನುವಾರ ಬೆಳಿಗ್ಗೆ ಏಳಕ್ಕೆ ನಾನೂ ಅವಳ ಜೊತೆ ಯಾರ್ಡಿಗೆ ಹೋದೆ. ಬಕೆಟ್ಟು ಹೊರಲು ಒಬ್ಬರು ಬೇಕಿತ್ತು, ನನಗೆ ನೋಡುವ ಆಸೆಯೂ ಇತ್ತು. ಒಳಗೆ ಕಾಲಿಟ್ಟ ಕೂಡಲೆ ತೈಮಿ ಬಸ್ಸನ್ನು ನೋಡಲಿಲ್ಲ, ಬಸ್ಸು ನಿಲ್ಲುವ ಜಾಗ ನೋಡಿದಳು. ಪಕ್ಕದಲ್ಲೇ ಕಬ್ಬಿಣದ ಕಾಲುಗಳ ಮೇಲೆ ನೀರಿನ ಟ್ಯಾಂಕು. ಬೆಳಗಿನ ಜಾವ ಪಂಪು ಓಡಿದಾಗ ಅದು ತುಂಬಿ ಅಂಚಿನಿಂದ ಉಕ್ಕುತ್ತಿತ್ತು, ಗಾಳಿ ಆ ತುಂತುರನ್ನು ಬಸ್ಸಿನ ಮೂತಿಗೆ ಎರಚುತ್ತಿತ್ತು, ಬಿಸಿಲು ಒಣಗಿಸುತ್ತಿತ್ತು. "ಒಂದು ವರ್ಷದಿಂದ ಕೂತ ಸುಣ್ಣ ಇದು," ಎಂದಳು. "ಕಳ್ಳ ಇಲ್ಲೇ ಕೂತಿದ್ದಾನೆ, ಎಲ್ಲರೂ ಕೌಲುಮಾನ ಕಣ್ಣು ಹುಡುಕ್ತಾ ಇದ್ರು."

ಬಸ್ಸನ್ನು ಶೆಡ್ಡಿನ ನೆರಳಿಗೆ ತರಿಸಿದಳು. ಗಾಜು ತಣ್ಣಗಿತ್ತು. ಮೊದಲು ಧಾರಾಳವಾಗಿ ನೀರು ಸುರಿದು, ಸೋಪಿನ ನೀರಲ್ಲಿ ಮೆಲ್ಲಗೆ ತೊಳೆದಳು. ಮರಳು ಕೂತ ಗಾಜನ್ನು ಒಣಬಟ್ಟೆಯಲ್ಲಿ ಒರೆಸಿದರೆ ಉಪ್ಪುಕಾಗದ ಹಾಕಿ ತಿಕ್ಕಿದ ಹಾಗೆ ಎಂದು ಕೌಲುಮಾನಿಗೆ ಹೇಳುತ್ತಾ ಹೇಳುತ್ತಾ ತೊಳೆದಳು. ಆಮೇಲೆ ಗಾಜಿನ ಕೆಳಗಿನ ರಬ್ಬರು, ಬಣ್ಣದ ತಗಡು ಎಲ್ಲಕ್ಕೂ ಅಂಟುಪಟ್ಟಿ ಹಚ್ಚಿ ಪ್ಲಾಸ್ಟಿಕ್ ಹೊದಿಸಿದಳು. ವಿನೆಗರಿಗೆ ಅಷ್ಟೇ ನೀರು ಬೆರೆಸಿ, ಹಳೆಯ ಹತ್ತಿಬಟ್ಟೆಯೊಂದನ್ನು ಅದರಲ್ಲಿ ಅದ್ದಿ, ಪ್ರಯಾಣಿಕನ ಕಡೆಯ ಕೆಳಮೂಲೆಯಲ್ಲಿ ಅಂಗೈಯಗಲ ಅಂಟಿಸಿದಳು.

"ಡ್ರೈವರ್ ಕಡೆ ಅಲ್ವಾ ಕಲೆ ಜಾಸ್ತಿ ಇರೋದು?" ಎಂದ ಕೌಲುಮಾ.

"ಅದಕ್ಕೇ ಅಲ್ಲಿಂದ ಶುರು ಮಾಡಲ್ಲ. ಏನಾದ್ರೂ ಎಡವಟ್ಟಾದ್ರೆ ಈ ಮೂಲೇಲಿ ಆಗಲಿ."

ಬಟ್ಟೆ ಒಣಗದಂತೆ ಆಗಾಗ ಹನಿಸುತ್ತಾ ಕಾಲು ಗಂಟೆ ಕಾದಳು. ತೆಗೆದು, ಮೆತ್ತಗೆ ಒರೆಸಿ, ನೀರು ಹಾಕಿ, ಒಣಬಟ್ಟೆಯಲ್ಲಿ ಒತ್ತಿದಳು. ಅಂಗೈಯಗಲ ಗಾಜು ಅಲ್ಲಿ ಇಲ್ಲವೇ ಇಲ್ಲ ಎನ್ನುವ ಹಾಗೆ ತೆರೆದುಕೊಂಡಿತು. ಕೌಲುಮಾ ಅಲ್ಲಿ ಬೆರಳಿಟ್ಟು ನೋಡಿದ. ತೈಮಿ ಅವನ ಕೈಯನ್ನು ಬಟ್ಟೆಯಿಂದ ತಳ್ಳಿದಳು. "ಬೆರಳಿನ ಎಣ್ಣೆ ಒರೆಸೋದು ಯಾರು, ನಿಮ್ಮ ಹೆಂಡ್ತಿಯಾ?"

ಹನ್ನೊಂದರ ಹೊತ್ತಿಗೆ ಪ್ರಯಾಣಿಕನ ಕಡೆಯ ಅರ್ಧ ಗಾಜು ಮುಗಿದಿತ್ತು. ಹಠ ಹಿಡಿದ ಕೆಲವು ಚುಕ್ಕೆಗಳಿಗೆ ಎರಡನೇ ಸಲ, ಮೂರನೇ ಸಲ ಬಟ್ಟೆ ಹಾಕಿದಳು. ಒಂದೆರಡನ್ನು ಮಾತ್ರ, ಗಾಜಿನ ಮೇಲೆ ನೀರು ಹರಿಯುತ್ತಿರುವಾಗಲೇ, ಹೊಸ ಬ್ಲೇಡನ್ನು ಮಲಗಿಸಿ ಹಿಡಿದು ಒಂದೇ ದಿಕ್ಕಿಗೆ ಜಾರಿಸಿ ತೆಗೆದಳು. ಬ್ಲೇಡಿನ ಅಂಚು ಒಮ್ಮೆ ಮರಳಿನ ಕಣಕ್ಕೆ ತಾಗಿತು. ಕೂಡಲೆ ಅದನ್ನು ಕಾಗದದಲ್ಲಿ ಸುತ್ತಿ ಎಸೆದು ಬೇರೆ ತೆಗೆದುಕೊಂಡಳು.

ಆಗ ಚರ್ಚಿನಿಂದ ಮೇಮೆ ರೌನಾ ಬಂದಳು. ನೀಲಿ ಉಡುಪು, ತಲೆಗೆ ಬಿಳಿ ವಸ್ತ್ರ, ಕೈಯಲ್ಲಿ ಹಾಡಿನ ಪುಸ್ತಕ. ಬಸ್ಸಿನ ಮುಂದೆ ಬಟ್ಟೆ, ಬಕೆಟ್ಟು, ಪ್ಲಾಸ್ಟಿಕ್ ನೋಡಿ ನಿಂತಳು.

"ಯಾರು ನೀನು? ನನ್ನ ಬಸ್ಸಿಗೆ ಕೈ ಹಾಕು ಅಂತ ಯಾರು ಹೇಳಿದ್ರು?"

"ತೈಮಿ ಅಮುಕೊಟೊ. ನಿಲ್ದಾಣದಲ್ಲಿ ಗಾಜು ತೊಳೀತೀನಿ. ಹೇಳಿದ್ದು ಯಾರೂ ಅಲ್ಲ, ನಾನೇ ಬಂದೆ."

"ನೋಡು, ಈ ತಾತೆ ಮೂವತ್ತು ವರ್ಷದಿಂದ ನಮ್ಮಲ್ಲಿದ್ದಾರೆ. ಅವರನ್ನ ಕಳಿಸೋದು ನನಗೂ ಇಷ್ಟ ಇಲ್ಲ. ಆದ್ರೆ ಬಸ್ಸಲ್ಲಿ ಮೂವತ್ತೈದು ಜನ ಇರ್ತಾರೆ. ಗಾಜು ತೊಳೆದ್ರೆ ವಯಸ್ಸು ಇಳಿಯುತ್ತಾ?"

"ಇಳಿಯಲ್ಲ. ಇವತ್ತು ಸಂಜೆ ನಾಲ್ಕೂವರೆಗೆ ನೀವು ಬನ್ನಿ. ಬಸ್ಸು ಊರಾಚೆ ಒಂದು ಕಿಲೋಮೀಟರ್ ತಗೊಂಡು ಹೋಗೋಣ. ಅಲ್ಲಿವರೆಗೆ ಡ್ರೈವರ್ ಕಡೆಯ ಅರ್ಧ ನಾನು ಮುಟ್ಟಲ್ಲ."

"ಅದೇ ಮುಖ್ಯವಾದ ಅರ್ಧ. ಅದನ್ನ ಯಾಕೆ ಬಿಟ್ಟಿದ್ದೀಯ?"

"ನೀವು ನೋಡ್ಬೇಕಲ್ಲ, ಅದಕ್ಕೆ."

ರೌನಾ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಅವಳ ಎದುರು ಹಾಗೆ ಮಾತಾಡುವವರು ಊರಲ್ಲಿ ಕಡಿಮೆ. ಕೊನೆಗೆ, "ನಾಲ್ಕೂವರೆ ಅಂದ್ರೆ ನಾಲ್ಕೂವರೆ" ಎಂದು ಹೋದಳು.

ಸಂಜೆ ನಾವು ನಾಲ್ವರೂ ಹೋದೆವು. ಕೌಲುಮಾ ಓಡಿಸಿದ, ಆದರೆ ತೀರ ನಿಧಾನ. ತನ್ನ ಬದುಕು ಇನ್ನೊಬ್ಬರ ಕಣ್ಣಿನ ಮೇಲೆ ನಿಂತಿದೆ ಎಂದು ಅವನಿಗೆ ಗೊತ್ತಿತ್ತು. ಊರಾಚೆ ಅಗಲವಾದ ಕಡೆ ಪಕ್ಕಕ್ಕೆ ನಿಲ್ಲಿಸಿ, ಮೂತಿಯನ್ನು ನೇರ ಸೂರ್ಯನಿಗೆ ತಿರುಗಿಸಿ ಕೆಳಗಿಳಿದ. ತೈಮಿ ರೌನಾಳಿಗೆ ಡ್ರೈವರ್ ಸೀಟು ತೋರಿಸಿದಳು.

ರೌನಾ ನೀಲಿ ಉಡುಪನ್ನು ಎತ್ತಿಕೊಂಡು ಹತ್ತಿ ಕೂತಳು. ಕಣ್ಣು ಕಿರಿದು ಮಾಡಿದಳು, ಕೈ ಅಡ್ಡ ಹಿಡಿದಳು, ಕುತ್ತಿಗೆ ಆ ಕಡೆ ಈ ಕಡೆ ಹೊರಳಿಸಿದಳು.

"ಏನು ಕಾಣುತ್ತೆ?" ಎಂದಳು ತೈಮಿ.

"ಬಿಳೀ ಗೋಡೆ."

"ಈಗ ಎಡಗಡೆ ಸೀಟಿಗೆ ಬನ್ನಿ."

ರೌನಾ ಅತ್ತ ಸರಿದಳು. ತುಂಬ ಹೊತ್ತು ಅಲ್ಲೇ ಕೂತಿದ್ದಳು. ಆ ಕಡೆಯ ಗಾಜಿನಿಂದ ರಸ್ತೆ ಕಾಣುತ್ತಿತ್ತು, ಬೇಲಿ ಕಾಣುತ್ತಿತ್ತು, ಬೇಲಿಯ ಪಕ್ಕ ಮೇಯುತ್ತಿದ್ದ ಏಳೆಂಟು ಆಡು ಕಾಣುತ್ತಿದ್ದವು, ದೂರದಲ್ಲಿ ತಲೆಯ ಮೇಲೆ ಸೌದೆ ಹೊತ್ತು ಬರುತ್ತಿದ್ದ ಹೆಂಗಸು ಕಾಣುತ್ತಿದ್ದಳು. ರೌನಾ ಮತ್ತೆ ಡ್ರೈವರ್ ಸೀಟಿಗೆ ಹೋದಳು, ಮತ್ತೆ ಈ ಕಡೆ ಬಂದಳು. ಆಮೇಲೆ ಇಳಿದು ಕೌಲುಮಾನ ಹತ್ತಿರ ಹೋದಳು.

"ತಾತೆ, ಆ ಸೀಟಲ್ಲಿ ನಾನಿದ್ದಿದ್ರೆ ಎಲ್ಲಾ ಕತ್ತೆಗೂ ಗುದ್ದಿರ್ತಿದ್ದೆ. ನೀವು ಹೇಗೆ ನಿಲ್ಸಿದ್ರೋ ಗೊತ್ತಿಲ್ಲ. ನಾನು ಕೊಟ್ಟ ಕಾಗದ ಎಲ್ಲಿದೆ?"

ಅವನು ಅಂಗಿಯ ಜೇಬಿನಿಂದ ತೆಗೆದ. ನಾಲ್ಕು ಮಡಿಕೆ ಹಾಕಿ ಇಟ್ಟುಕೊಂಡಿದ್ದ. ಅವಳು ಅದನ್ನು ಹಾಡಿನ ಪುಸ್ತಕದೊಳಗೆ ಸೇರಿಸಿದಳು. ಕೌಲುಮಾ ತಿರುಗಿ ರಸ್ತೆಯ ಆಚೆಯ ಆಡುಗಳನ್ನು ನೋಡುತ್ತಾ ನಿಂತ. ಅವನ ಮುಖ ನಮಗೆ ಕಾಣದಿರಲಿ ಎಂದು ತೈಮಿ ನನ್ನ ತೋಳು ಹಿಡಿದು ಬಸ್ಸಿನ ಇನ್ನೊಂದು ಬದಿಗೆ ಕರೆದುಕೊಂಡು ಹೋದಳು.

ಸೋಮವಾರ ಅವಳು ಡ್ರೈವರ್ ಕಡೆಯ ಅರ್ಧ ಹಿಡಿದಳು. ಮೇಲಿನ ಭಾಗ ಸುಲಭವಾಗಿ ಬಂತು. ಕೆಳಗೆ, ವೈಪರ್ ನಿಲ್ಲುವ ಕಡೆ, ಹಸ್ತದಷ್ಟು ಜಾಗದಲ್ಲಿ ಕಲೆ ಹೋಗಲೇ ಇಲ್ಲ. ತೈಮಿ ಉಗುರಿನಿಂದ ಮೆಲ್ಲಗೆ ಎಳೆದು ನೋಡಿದಳು. ಉಗುರಿಗೆ ಏನೂ ತಡೆಯಲಿಲ್ಲ. ಅಂದರೆ ಸುಣ್ಣ ಮೇಲೆ ಕೂತಿಲ್ಲ, ಗಾಜೇ ಸವೆದು ಗುಳಿ ಬಿದ್ದಿದೆ. ಗಾಜು ಹೊಳಪು ಮಾಡುವ ನುಣ್ಣನೆಯ ಪುಡಿಯನ್ನು ನೀರಲ್ಲಿ ಕಲೆಸಿ, ಉಣ್ಣೆಬಟ್ಟೆಯಲ್ಲಿ ಕೈಯಿಂದಲೇ ತಿಕ್ಕಿದಳು. ಒಣಗಲು ಬಿಡಲಿಲ್ಲ, ಬಿಸಿಯಾಗಲು ಬಿಡಲಿಲ್ಲ. ಒಂದು ಗಂಟೆಗೆ ಸ್ವಲ್ಪ ತಿಳಿಯಾಯಿತು. ಅಷ್ಟಕ್ಕೆ ಬಟ್ಟೆ ಇಟ್ಟುಬಿಟ್ಟಳು.

ರೌನಾ ಅಲ್ಲೇ ಕುರ್ಚಿ ಹಾಕಿಸಿಕೊಂಡು ಕೂತಿದ್ದಳು. "ಇನ್ನೂ ಇದೆಯಲ್ಲ. ಮೆಷಿನ್ ತರಿಸ್ಲಾ? ನಾಳೆವರೆಗೆ ತಿಕ್ಕಿ."

"ತಿಕ್ಕಿದ್ರೆ ಕಲೆ ಹೋಗುತ್ತೆ ಮೇಮೆ. ಆದ್ರೆ ಅಲ್ಲಿ ಗಾಜು ತಗ್ಗಾಗುತ್ತೆ. ಡ್ರೈವರ್ ಕಣ್ಣ ಮುಂದೆ ರಸ್ತೆ ಅಲೆ ಅಲೆಯಾಗಿ ಕಾಣುತ್ತೆ. ಕಲೆಗಿಂತ ಅದು ಅಪಾಯ. ಇನ್ನು ನಾನು ಮುಟ್ಟಲ್ಲ. ಇದು ಕೆಳಗಿದೆ, ಸದ್ಯಕ್ಕೆ ಕಣ್ಣಿಗೆ ಅಡ್ಡ ಬರಲ್ಲ. ಮುಂದೆ ಅನುಕೂಲ ಆದಾಗ ಹೊಸ ಗಾಜು ಹಾಕ್ಸಿ."

"ಅಂದ್ರೆ ನಿಮ್ಮ ಕೈಲಿ ಆಗ್ಲಿಲ್ಲ ಅಂತಾಯ್ತು."

"ನೂರರಲ್ಲಿ ತೊಂಬತ್ತೈದು ಆಯ್ತು. ಐದು ಆಗಲ್ಲ ಅಂತ ಹೇಳೋಕೂ ಗೊತ್ತಿರಬೇಕು."

ರೌನಾ ನಕ್ಕಳು. ಅವಳು ನಗುವುದನ್ನು ನಾನು ನೋಡಿದ್ದು ಅದೇ ಮೊದಲು.

ತೈಮಿ ಅಲ್ಲಿಗೇ ಬಿಡಲಿಲ್ಲ. ಕೌಲುಮಾನನ್ನು ಆಸ್ಪತ್ರೆಗೆ ಕಣ್ಣು ತೋರಿಸಲು ಕಳಿಸಲೇಬೇಕೆಂದು ಹಠ ಹಿಡಿದಳು. "ಗಾಜು ನನ್ನ ಕೆಲಸ, ಕಣ್ಣು ಡಾಕ್ಟರ ಕೆಲಸ. ಗಾಜು ಚೊಕ್ಕ ಆಯ್ತು ಅಂತ ಕಣ್ಣೂ ಚೊಕ್ಕ ಅಂತ ನಾನು ಹೇಗೆ ಹೇಳ್ಲಿ?" ಕೌಲುಮಾ ಹೆದರುತ್ತಲೇ ಹೋದ. ಈ ಸಲ ಹೆಂಡತಿಗೆ ನಿಜ ಹೇಳಿ, ಅವಳನ್ನೂ ಕರೆದುಕೊಂಡು ಹೋದ. ದೂರದ ನೋಟಕ್ಕೆ ಏನೂ ಆಗಿಲ್ಲ, ಹತ್ತಿರದ್ದು ಓದಲು ಒಂದು ಕನ್ನಡಕ ಸಾಕು ಎಂದು ಬರೆದುಕೊಟ್ಟರು. ಆ ಕನ್ನಡಕ ಹಾಕಿಕೊಂಡು ಬಂದು ಅವನು ನನ್ನ ಉಂಡೆಗಳನ್ನು ಒಂದೊಂದಾಗಿ ನೋಡಿ, "ಇಷ್ಟು ಚಿಕ್ಕದು ಅಂತ ಇಷ್ಟು ವರ್ಷ ಗೊತ್ತೇ ಆಗಿರ್ಲಿಲ್ಲ ಮೇಮೆ ಲಾಹ್ಯಾ" ಎಂದ. ಆ ದಿನ ಅವನಿಗೆ ಐದನೆಯದನ್ನು ಹಾಗೇ ಕೊಟ್ಟೆ.

ಟ್ಯಾಂಕಿನ ಉಕ್ಕುವಿಕೆಯನ್ನು ರೌನಾ ಅದೇ ವಾರ ಸರಿಪಡಿಸಿದಳು, ಬಸ್ಸು ನಿಲ್ಲುವ ಜಾಗವನ್ನೂ ಗೋಡೆಯ ಆಚೆಗೆ ಬದಲಿಸಿದಳು. ಎರಡು ತಿಂಗಳ ಮೇಲೆ ವಿಂಡ್‌ಹುಕ್‌ನಿಂದ ಹೊಸ ಗಾಜೂ ಬಂತು. ಅದನ್ನು ಕೂರಿಸಿದ ದಿನವೇ ಅವಳು ನಿಲ್ದಾಣಕ್ಕೆ ಬಂದು, ತನ್ನ ಐದೂ ಬಸ್ಸಿನ ಗಾಜು ತೈಮಿಯ ಜವಾಬ್ದಾರಿ, ವಾರಕ್ಕೆ ಎರಡು ಬೆಳಿಗ್ಗೆ ಬಂದು ತೊಳೆಯುವವರಿಗೆ ಕಲಿಸಬೇಕು ಎಂದು ಕೇಳಿದಳು.

"ಕಲಿಸ್ತೀನಿ. ಆದ್ರೆ ಮೊದಲು ಆ ಚಕ್ರದ ಬಾಟಲಿ ಬೀಗದೊಳಗೆ ಹೋಗ್ಬೇಕು. ಆಮೇಲೆ ತೊಳೆಯೋ ಜಾಗಕ್ಕೆ ಸೂರು ಬೇಕು," ಎಂದಳು ತೈಮಿ. ಸೂರು ಬಂತು.

ಮೊದಲ ಪಾಠದ ದಿನ ನಾನೂ ಇದ್ದೆ, ಉಂಡೆ ತಲುಪಿಸುವ ನೆಪ ಮಾಡಿಕೊಂಡು. ಆರು ಜನ ಗಂಡಸರು ಹೊಸ ಸೂರಿನ ಕೆಳಗೆ ಸಾಲಾಗಿ ನಿಂತು ಪಿಸಿಪಿಸಿ ನಗುತ್ತಿದ್ದರು. ತೈಮಿ ಅವರನ್ನು ಬಸ್ಸಿನ ಹತ್ತಿರ ಕರೆದುಕೊಂಡು ಹೋಗಲಿಲ್ಲ. ಅವರು ಟೀ ಕುಡಿಯುವ ಗಾಜಿನ ಲೋಟಗಳನ್ನು ತರಿಸಿ ಒಬ್ಬೊಬ್ಬರ ಕೈಗೆ ಒಂದೊಂದು ಕೊಟ್ಟಳು.

"ತೊಳೀರಿ."

"ಇದನ್ನಾ? ಮೇಮೆ, ನಾವು ಬಸ್ಸು ತೊಳೆಯೋರು," ಎಂದ ಎಲ್ಲರಿಗಿಂತ ಎತ್ತರದವನು.

"ಬಸ್ಸು ಎಲ್ಲಿಗೂ ಹೋಗಲ್ಲ. ತೊಳೆದು, ಒರೆಸಿ, ಬೆಳಕಿಗೆ ಹಿಡಿದು ತೋರಿಸು."

ಅವನು ತೊಳೆದು ಎತ್ತಿ ಹಿಡಿದ. ಲೋಟದ ತಳದಲ್ಲಿ ಬಿಳಿ ಬಳೆ ಹಾಗೇ ಇತ್ತು. ಉಳಿದವರು ಅವನನ್ನು ನೋಡಿ ನಕ್ಕರು. ಆಮೇಲೆ ತಮ್ಮ ತಮ್ಮ ಲೋಟ ಎತ್ತಿ ನೋಡಿಕೊಂಡರು; ಅವುಗಳಲ್ಲೂ ಅದೇ ಬಳೆ. ತೈಮಿ ಸೊಂಟದ ಮೇಲೆ ಕೈಯಿಟ್ಟು, ಅವಸರವೇನೂ ಇಲ್ಲದವಳ ಹಾಗೆ ಕಾಯುತ್ತಿದ್ದಳು.

"ಇನ್ನೊಂದು ಸಲ," ಎಂದಳು.